ಮೊದಲು ಸಿಲಿಂಡರ್, ಆಮೇಲೆ ಚಾಳೀಸು: ಕಾಂಟ್ಯಾಕ್ಟ್ ಲೆನ್ಸ್ ಮಸುಕಾದಾಗ ದೋಷ ಹುಡುಕುವ ಕ್ರಮ

ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಪಾತ್ರ ಮಾಡುವ ಕಲಾವಿದರೊಬ್ಬರು ಬಾಗಲಕೋಟೆಯ ನಮ್ಮ ಅಂಗಡಿಗೆ ಬಂದಿದ್ದರು. ವಯಸ್ಸು ನಲವತ್ತೇಳು. ಕೈಚೀಲದಿಂದ ಮೂರು ಜೊತೆ ಲೆನ್ಸ್ ಡಬ್ಬಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಮೇಡಂ, ಮೂರಕ್ಕೂ ಬೇರೆ ಬೇರೆ ನಂಬರ್. ಮೂರರಲ್ಲೂ ಎದುರು ಪಾತ್ರದ ಮುಖ ಎರಡು ಪದರವಾಗಿ ಕಾಣುತ್ತದೆ. ಕಿರೀಟ ಇಟ್ಟುಕೊಂಡು ಕನ್ನಡಕ ಹಾಕಲು ಬರುವುದಿಲ್ಲ. ಇನ್ನೇನು ಮಾಡಲಿ?" ಎಂದರು.

ಅವರ ಕಣ್ಣಿನಲ್ಲಿ ಎರಡು ದೋಷಗಳು ಒಟ್ಟಿಗೆ ಇದ್ದವು. ಹುಟ್ಟಿನಿಂದ ಬಂದ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದ ದೋಷ, ಒಂದು; ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುವ ಚಾಳೀಸು ಇನ್ನೊಂದು. ಹಿಂದೆ ನೋಡಿದವರು ಎರಡನೆಯದರ ಬೆನ್ನು ಹತ್ತಿ ಮೊದಲನೆಯದನ್ನು ಬಿಟ್ಟುಬಿಟ್ಟಿದ್ದರು. ಇಪ್ಪತ್ತು ವರ್ಷಗಳಿಂದ ನಂಬರ್ ತೆಗೆಯುತ್ತಿರುವ ನನಗೆ ಈ ತಪ್ಪು ಮತ್ತೆ ಮತ್ತೆ ಎದುರಾಗಿದೆ. ಸಿಲಿಂಡರ್ ಪೂರ್ತಿ ತೀರದ ಕಣ್ಣಿನ ಮೇಲೆ ಚಾಳೀಸಿನ ಲೆನ್ಸ್ ಕೂರಿಸುವುದೆಂದರೆ ತಳಪಾಯ ಕುಸಿದ ಗೋಡೆಗೆ ಸುಣ್ಣ ಬಳಿದಂತೆ. ಲೆನ್ಸ್ ಧರಿಸುವವರು ತಮ್ಮ ತೊಂದರೆ ಎಲ್ಲಿದೆ ಎಂದು ತಾವೇ ಗುರುತಿಸಿಕೊಳ್ಳಲಿ, ನನ್ನ ವೃತ್ತಿಯ ಕಿರಿಯರು ನಂಬರ್ ಬದಲಿಸುವ ಮುಂಚೆ ಕಾರಣ ಹುಡುಕಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಣ್ಣು ಕೆಂಪಾಗಿದ್ದರೆ

ಕಣ್ಣು ಕೆಂಪಾಗಿದೆ, ನೋಯುತ್ತಿದೆ, ಬೆಳಕು ಸಹಿಸಲಾಗುತ್ತಿಲ್ಲ, ಪಿಸುರು ಬರುತ್ತಿದೆ, ಅಥವಾ ದೃಷ್ಟಿ ದಿಢೀರನೆ ಕುಂದಿದೆ ಎಂದರೆ ಈ ಕೈಪಿಡಿಯನ್ನು ಬದಿಗಿಡಿ. ಲೆನ್ಸ್ ತೆಗೆಯಿರಿ, ಆ ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಅದೇ ದಿನ ನೇತ್ರ ವೈದ್ಯರನ್ನು ಕಾಣಿರಿ. ಔಷಧ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಸೋಂಕು ಒಳಗೊಳಗೇ ಬಲಿಯುತ್ತದೆ, ಮೇಲೆ ಮಾತ್ರ ಕೆಂಪು ಇಳಿದಂತೆ ತೋರುತ್ತದೆ. ಕಾರ್ನಿಯಾದಲ್ಲಿ ಹುಣ್ಣಾಗಿ ಕಲೆ ಉಳಿದರೆ ಯಾವ ಲೆನ್ಸೂ ಅದನ್ನು ಅಳಿಸುವುದಿಲ್ಲ.

ನಲ್ಲಿ ನೀರು, ಬೋರ್‌ವೆಲ್ ನೀರು, ಕುದಿಸಿ ಆರಿಸಿದ ನೀರು, ಇವು ಯಾವುವೂ ಲೆನ್ಸಿಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹತ್ತಿದರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ಲೆನ್ಸ್ ಕೆಳಗೆ ಬಿದ್ದಾಗ ಬಾಯಲ್ಲಿ ಒದ್ದೆ ಮಾಡಿ ಮತ್ತೆ ಹಾಕಿಕೊಳ್ಳುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಚಿಲ್ಲರೆ ಕಾರಣಗಳನ್ನು ಮೊದಲು ತೆಗೆದುಹಾಕಿ

ಬಲಗಣ್ಣಿನ ಲೆನ್ಸ್ ಎಡಗಣ್ಣಿಗೆ ಹೋಗಿದೆಯೇ? ಎರಡೂ ಕಣ್ಣಿನ ನಂಬರ್ ಒಂದೇ ಇದ್ದವರಿಗೆ ಇದರಿಂದ ವ್ಯತ್ಯಾಸ ಆಗಲಿಕ್ಕಿಲ್ಲ. ಸಿಲಿಂಡರ್ ಇದ್ದವರಿಗೆ ಮಾತ್ರ ದಿನವೇ ಹಾಳಾಗುತ್ತದೆ. ಯಾವಾಗಲೂ ಬಲಗಣ್ಣಿನಿಂದಲೇ ಆರಂಭಿಸುವ ರೂಢಿ ಇಟ್ಟುಕೊಳ್ಳಿ. ಲೆನ್ಸ್ ಒಳಹೊರಗಾಗಿದೆಯೇ? ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಬಟ್ಟಲಿನಂತೆ ಅಂಚು ನೆಟ್ಟಗಿದ್ದರೆ ಸರಿ, ತಟ್ಟೆಯಂತೆ ಅಂಚು ಹೊರಚಾಚಿದ್ದರೆ ತಿರುವಿ ಹಾಕಬೇಕು. ತಿಂಗಳ ಲೆನ್ಸನ್ನು ಎರಡು ತಿಂಗಳು ಎಳೆದಿದ್ದೀರಾ? ದ್ರಾವಣದ ಬಾಟಲಿ ತೆರೆದು ಎಷ್ಟು ದಿನವಾಯಿತು?

ಡಬ್ಬಿಯ ಮೇಲಿನ ನಂಬರ್ ಕನ್ನಡಕದ ಚೀಟಿಗೆ ಹೊಂದುತ್ತಿಲ್ಲವೆಂದು ಗಾಬರಿಯಾಗಿ ಬರುವವರೂ ಇದ್ದಾರೆ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಲೆನ್ಸ್ ಕಣ್ಣಿಗೇ ಅಂಟಿರುತ್ತದೆ. ಆದ್ದರಿಂದ 4.00 ದಾಟಿದ ನಂಬರ್‌ಗಳಲ್ಲಿ ಲೆಕ್ಕ ಬದಲಾಗುತ್ತದೆ. ಮೈನಸ್ 6.00ರ ಕನ್ನಡಕದವರಿಗೆ ಲೆನ್ಸ್ ಸುಮಾರು ಮೈನಸ್ 5.50 ಬರುತ್ತದೆ. ಅದು ತಪ್ಪಲ್ಲ.

"ಕೃಷ್ಣ" ಎಂದು ಬರೆದು ನೋಡಿ

ಮಸುಕು ಎಂದರೆ ಎಂಥ ಮಸುಕು? ನನ್ನ ಅನುಭವದಲ್ಲಿ ಅರ್ಧ ಉತ್ತರ ಈ ಪ್ರಶ್ನೆಯಲ್ಲೇ ಸಿಗುತ್ತದೆ. ದಪ್ಪ ಮಾರ್ಕರಿನಿಂದ ಬಿಳಿ ಹಾಳೆಯ ಮೇಲೆ "ಕೃಷ್ಣ" ಎಂದು ಬರೆದು ಮೂರು ಮೀಟರ್ ದೂರದ ಗೋಡೆಗೆ ಅಂಟಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತಬೇಡಿ. ಇನ್ನೊಂದರಿಂದ ನೋಡಿ.

ಅಕ್ಷರದ ತಲೆಕಟ್ಟು ಎರಡಾಗಿ ಕಂಡರೆ, "ಷ"ದ ಕೆಳಗಿನ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಹತ್ತಿಕೊಂಡಂತೆ ಕಂಡರೆ, ಅಂದರೆ ನೆರಳು ಒಂದೇ ದಿಕ್ಕಿಗೆ ಬಿದ್ದಿದ್ದರೆ, ಸಿಲಿಂಡರ್ ಬಾಕಿ ಇದೆ. ನೆರಳು ಮೇಲೆ ಕೆಳಗೆ ಬೀಳಬಹುದು, ಪಕ್ಕಕ್ಕೆ ಬೀಳಬಹುದು, ಓರೆಯಾಗಿಯೂ ಬೀಳಬಹುದು. ಒಂದೇ ದಿಕ್ಕು ಎನ್ನುವುದು ಮುಖ್ಯ. ಅಕ್ಷರ ಎಲ್ಲ ಕಡೆಯಿಂದ ಸಮನಾಗಿ ಮಬ್ಬಾಗಿದ್ದರೆ ದೂರದ ನಂಬರ್ ತಪ್ಪಿದೆ. ಅಕ್ಷರ ಓದಲು ಬರುತ್ತದೆ, ಆದರೆ ಸುತ್ತ ತೆಳ್ಳಗೆ ಹೊಗೆ ಆಡಿದಂತಿದೆ ಎಂದರೆ ಅದು ದೂರ ಹತ್ತಿರ ಎರಡರ ನಂಬರೂ ಸೇರಿರುವ ಮಲ್ಟಿಫೋಕಲ್ ಲೆನ್ಸಿನ ಸ್ವಭಾವ ಇರಬಹುದು. ಗೋಡೆಯ ಮೇಲಿನ ಅಕ್ಷರ ಚೊಕ್ಕವಾಗಿದ್ದು 40 ಸೆಂಟಿಮೀಟರ್ ದೂರದ ಪತ್ರಿಕೆಯಲ್ಲಿ "ದ" ಯಾವುದು "ಧ" ಯಾವುದು ಎಂದು ತಿಳಿಯದಿದ್ದರೆ ಅದು ಚಾಳೀಸು.

ಆ ಕಲಾವಿದರಿಗೆ ಹಾಳೆ ತೋರಿಸಿದಾಗ ಕ್ಷಣವೂ ತಡೆಯದೆ, "ತಲೆಕಟ್ಟಿನ ಮೇಲೆ ಇನ್ನೊಂದು ತಲೆಕಟ್ಟು ಇದೆ ಮೇಡಂ" ಎಂದರು. ಮೂರು ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಮೂರೂ ಸಿಲಿಂಡರ್ ಇಲ್ಲದ ಮಲ್ಟಿಫೋಕಲ್ ಲೆನ್ಸ್‌ಗಳು. ಅವರ ಕಣ್ಣಿನಲ್ಲೋ ಎರಡೂ ಕಡೆ 1.25 ಸಿಲಿಂಡರ್ ಇತ್ತು. ಸಿಲಿಂಡರಿನ ಅರ್ಧ ಭಾಗವನ್ನು ದೂರದ ನಂಬರಿಗೆ ಸೇರಿಸಿ ಸಾದಾ ಲೆನ್ಸ್ ಕೊಡುವ ಪದ್ಧತಿ ಇದೆ. 0.50 ಇದ್ದರೆ ಅದು ನಡೆದುಹೋಗುತ್ತದೆ. 0.75 ಮತ್ತು ಮೇಲೆ ಹೋದಾಗ, ಅದರಲ್ಲೂ ಮಲ್ಟಿಫೋಕಲ್ ಲೆನ್ಸ್ ಜೊತೆಗೆ, ನಡೆಯುವುದಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ. ವಿಸಿಟಿಂಗ್ ಕಾರ್ಡಿಗೆ ಪಿನ್ನಿನಿಂದ ಒಂದು ತೂತು ಮಾಡಿ, ಸುಮಾರು ಒಂದು ಮಿಲಿಮೀಟರ್. ಲೆನ್ಸ್ ಹಾಕಿದ ಕಣ್ಣಿನಿಂದ ಆ ತೂತಿನ ಮೂಲಕ ಅದೇ ಹಾಳೆ ನೋಡಿ. ಅಕ್ಷರ ತಿಳಿಯಾದರೆ ದೋಷ ಬಹುತೇಕ ನಂಬರಿನಲ್ಲಿದೆ, ಅದನ್ನು ಸರಿಪಡಿಸಬಹುದು. ತಿಳಿಯಾಗದಿದ್ದರೆ ಲೆನ್ಸ್ ಕೊಳೆಯಾಗಿದೆ, ಇಲ್ಲವೇ ಕಣ್ಣಿನ ಒಳಗೆ ಬೇರೆ ತೊಂದರೆ ಇದೆ. ಹೊಸ ಲೆನ್ಸ್ ಹಾಕಿಯೂ ಹಾಗೆಯೇ ಇದ್ದರೆ ವೈದ್ಯರ ಬಳಿ ಹೋಗಿ.

ರೆಪ್ಪೆ ಬಡಿದೂ ನೋಡಿ. ಬಡಿದ ಕೂಡಲೇ ತಿಳಿಯಾಗಿ ಕೆಲವು ಕ್ಷಣಗಳಲ್ಲಿ ಮತ್ತೆ ಮಬ್ಬಾದರೆ ಲೆನ್ಸಿನ ಮೇಲ್ಮೈ ಒಣಗುತ್ತಿದೆ, ಅಥವಾ ಲೆನ್ಸ್ ಬಿಗಿಯಾಗಿದೆ. ಬಡಿದ ಕೂಡಲೇ ಕಲಕಿ ಆಮೇಲೆ ನಿಧಾನವಾಗಿ ತಿಳಿಯಾದರೆ ಲೆನ್ಸ್ ಸಡಿಲವಾಗಿ ಓಡಾಡುತ್ತಿದೆ.

ಸಿಲಿಂಡರ್ ಲೆನ್ಸ್ ತಿರುಗಿದೆಯೇ?

ಕಾರ್ನಿಯಾ ವಿಜಯಪುರದ ಗೋಳಗುಮ್ಮಟದಂತೆ ಎಲ್ಲ ಕಡೆ ಒಂದೇ ಬಾಗಿನಲ್ಲಿದ್ದರೆ ಸಿಲಿಂಡರ್ ಇರುವುದಿಲ್ಲ. ಸವಾರಿ ಗಾಡಿಯ ಕಮಾನಿನಂತೆ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಾಗಿದ್ದರೆ ಬೆಳಕು ಒಂದೇ ಬಿಂದುವಿಗೆ ಕೂಡುವುದಿಲ್ಲ. ಇದೇ ಅಸ್ಟಿಗ್ಮ್ಯಾಟಿಸಂ. 1801ರಲ್ಲಿ ಥಾಮಸ್ ಯಂಗ್ ತನ್ನ ಕಣ್ಣಿನಲ್ಲೇ ಇದನ್ನು ಅಳೆದು ಪ್ರಕಟಿಸಿದ. 1820ರ ದಶಕದಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಏರಿ ತನ್ನ ಕಣ್ಣಿಗೆ ಸಿಲಿಂಡರ್ ಗಾಜು ಮಾಡಿಸಿಕೊಂಡ. ಇಬ್ಬರೂ ಯಂತ್ರವಿಲ್ಲದ ಕಾಲದಲ್ಲಿ ತಮಗೆ ಕಾಣುವುದನ್ನು ತಾಳ್ಮೆಯಿಂದ ಗಮನಿಸಿದವರು. ನನ್ನ ಮುಂದೆ ಕುಳಿತವರಿಂದ ನಾನು ಬೇಡುವುದೂ ಆ ತಾಳ್ಮೆಯನ್ನೇ.

ಸಿಲಿಂಡರಿಗೆ ದಿಕ್ಕು ಇದೆ. ಚೀಟಿಯಲ್ಲಿ ಅದನ್ನು ಆಕ್ಸಿಸ್ ಎಂದು ಬರೆದಿರುತ್ತಾರೆ, 1ರಿಂದ 180 ಡಿಗ್ರಿವರೆಗೆ. ಕನ್ನಡಕದ ಗಾಜು ಚೌಕಟ್ಟಿನಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ, ದಿಕ್ಕು ತಪ್ಪುವುದಿಲ್ಲ. ಲೆನ್ಸ್ ಕಣ್ಣೀರಿನ ಮೇಲೆ ತೇಲುತ್ತದೆ, ಪ್ರತಿ ಸಲ ರೆಪ್ಪೆ ಅದನ್ನು ತಳ್ಳುತ್ತದೆ. ಅದು ತಿರುಗದಂತೆ ಟೋರಿಕ್ ಲೆನ್ಸಿನ, ಅಂದರೆ ಸಿಲಿಂಡರ್ ನಂಬರ್ ಇರುವ ಲೆನ್ಸಿನ, ಕೆಳಭಾಗವನ್ನು ದಪ್ಪ ಮಾಡಿರುತ್ತಾರೆ, ಇಲ್ಲವೇ ಮೇಲೆ ಕೆಳಗೆ ತೆಳು ಮಾಡಿ ರೆಪ್ಪೆಗಳ ಒತ್ತಡವೇ ಅದನ್ನು ನೆಟ್ಟಗೆ ಹಿಡಿಯುವಂತೆ ರೂಪಿಸಿರುತ್ತಾರೆ. ಆದರೂ ಕೆಲವರ ಕಣ್ಣಿನಲ್ಲಿ ತಿರುಗುತ್ತದೆ. ಎಷ್ಟು ತಿರುಗಿದರೆ ಎಷ್ಟು ನಷ್ಟ? 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಸುಮಾರು ಮೂರನೇ ಒಂದು ಪಾಲು ಬಾಕಿ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಲೆನ್ಸ್ ಇದ್ದೂ ಇಲ್ಲದಂತೆ, ಪೂರ್ತಿ ಸಿಲಿಂಡರಿನಷ್ಟೇ ದೋಷ ಹೊಸ ದಿಕ್ಕಿನಲ್ಲಿ ಬಂದು ಕೂರುತ್ತದೆ. ಆದ್ದರಿಂದ 0.75ರವರು 10 ಡಿಗ್ರಿಯನ್ನು ಗಮನಿಸದೆ ಇರಬಹುದು. 2.25ರವರಿಗೆ ಅದೇ 10 ಡಿಗ್ರಿ ತಲೆನೋವು ತರುತ್ತದೆ.

ಟೋರಿಕ್ ಲೆನ್ಸಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಇರುತ್ತದೆ. ಕೆಲವು ಲೆನ್ಸ್‌ಗಳಲ್ಲಿ ಗಡಿಯಾರದ 6ರ ಜಾಗದಲ್ಲಿ, ಕೆಲವುಗಳಲ್ಲಿ 3 ಮತ್ತು 9ರ ಜಾಗದಲ್ಲಿ. ಅದು ನಂಬರಿನ ಆಕ್ಸಿಸ್ ತೋರಿಸುವ ಗೆರೆ ಅಲ್ಲ, ಲೆನ್ಸ್ ನೆಟ್ಟಗೆ ನಿಂತಿದೆಯೇ ಎಂದು ತೋರಿಸುವ ಗೆರೆ. ನಮ್ಮಲ್ಲಿ ಕಲಿಯಲು ಬಂದ ಹುಡುಗರು ಇದನ್ನೇ ಮೊದಲು ತಪ್ಪು ತಿಳಿಯುತ್ತಾರೆ.

ಲೆನ್ಸ್ ಹಾಕಿ ಹದಿನೈದು ನಿಮಿಷ ಬಿಟ್ಟು ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣನ್ನು ಹಿಗ್ಗಿಸಿ ತೋರಿಸುವ ದೀಪದ ಯಂತ್ರದಲ್ಲಿ, ನೋಡಬೇಕು. ಎದುರಿಗೆ ಕುಳಿತು ನೋಡುವಾಗ 6ರ ಗೆರೆ 7ರ ಕಡೆಗೆ ಹೋಗಿದ್ದರೆ ಅಷ್ಟು ಡಿಗ್ರಿಯನ್ನು ಆಕ್ಸಿಸ್‌ಗೆ ಕೂಡಿಸಬೇಕು, 5ರ ಕಡೆಗೆ ಹೋಗಿದ್ದರೆ ಕಳೆಯಬೇಕು. "ಏಳಕ್ಕೆ ಕೂಡಿಸು, ಐದಕ್ಕೆ ಕಳೆ" ಎಂದು ನಾನು ಹುಡುಗರಿಗೆ ಬಾಯಿಪಾಠ ಮಾಡಿಸುತ್ತೇನೆ. ಗಡಿಯಾರದಲ್ಲಿ ಒಂದು ಗಂಟೆಯ ಅಂತರ 30 ಡಿಗ್ರಿ, ಒಂದು ನಿಮಿಷದ ಅಂತರ 6 ಡಿಗ್ರಿ. ಕಣ್ಣಳತೆಯಲ್ಲಿ ಎರಡು ನಿಮಿಷಕ್ಕಿಂತ ತುಸು ಕಡಿಮೆ ಕಂಡರೆ 10 ಡಿಗ್ರಿ ಎಂದು ಹಿಡಿಯಿರಿ. ಈ ಲೆಕ್ಕ ನಡೆಯುವುದು ಲೆನ್ಸ್ ತಿರುಗಿದ ಜಾಗದಲ್ಲೇ ಸ್ಥಿರವಾಗಿ ನಿಂತಾಗ ಮಾತ್ರ. ಪ್ರತಿ ರೆಪ್ಪೆ ಬಡಿತಕ್ಕೂ ಗೆರೆ ಅತ್ತಿತ್ತ ತೂಗಿದರೆ ಆಕ್ಸಿಸ್ ಬದಲಿಸಿ ಪ್ರಯೋಜನವಿಲ್ಲ, ಬೇರೆ ವಿನ್ಯಾಸದ ಲೆನ್ಸನ್ನೇ ಹಾಕಿ ನೋಡಬೇಕು. ಬೆರಳಿನಿಂದ ಲೆನ್ಸನ್ನು ಸ್ವಲ್ಪ ತಿರುಗಿಸಿ ಬಿಟ್ಟಾಗ ಅದು ಬೇಗ ತನ್ನ ಜಾಗಕ್ಕೆ ಮರಳಿದರೆ ಲೆನ್ಸ್ ಒಳ್ಳೆಯದು, ಆ ಕಣ್ಣಿಗೆ ಒಗ್ಗಿದೆ.

ಮನೆಯಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ, ಮೊಬೈಲಿನ ಸೆಲ್ಫಿಯೂ ಎಷ್ಟೋ ಸಲ ಹಾಗೆಯೇ ತೋರಿಸುತ್ತದೆ. ಗೆರೆ 7ರ ಕಡೆ ಇದೆ ಎಂದು ಕನ್ನಡಿ ನೋಡಿ ಫೋನ್ ಮಾಡಿದವರ ಮಾತು ನಂಬಿ ನಾನೊಮ್ಮೆ ಕಳೆಯಬೇಕಾದ ಕಡೆ ಕೂಡಿಸಿಬಿಟ್ಟೆ. 10 ಡಿಗ್ರಿ ಇದ್ದ ತಪ್ಪು 20 ಆಯಿತು. ಫೋಟೋ ಕಳಿಸುವುದಾದರೆ ಬೇರೆಯವರ ಕೈಯಲ್ಲಿ ಹಿಂಬದಿ ಕ್ಯಾಮೆರಾದಿಂದ, ಕಿಟಕಿಯ ಬೆಳಕಿನಲ್ಲಿ ತೆಗೆಸಿ. ಗೆರೆ ಕಾಣದಿದ್ದರೆ ಊಹೆ ಮಾಡಬೇಡಿ, ಬನ್ನಿ.

ಮಗ್ಗುಲಾಗಿ ಮಲಗಿ ಟಿವಿ ನೋಡುವಾಗ ಮಾತ್ರ ಮಸುಕಾಗುತ್ತದೆ ಎನ್ನುವವರ ಲೆನ್ಸಿನಲ್ಲಿ ದೋಷವಿಲ್ಲ. ಕೆಳಭಾಗ ದಪ್ಪವಿರುವ ಲೆನ್ಸ್ ಮಲಗಿದಾಗ ತುಸು ತಿರುಗುತ್ತದೆ. ಎದ್ದು ಕುಳಿತರೆ ಸರಿಹೋಗುತ್ತದೆ.

ದೂರ ಸರಿಯಿದೆ, ಹತ್ತಿರ ಇಲ್ಲ

ತಲೆಕಟ್ಟು ಒಂದೇ ಆಗಿ ಕಾಣುವಂತೆ ಮಾಡಿದ ಮೇಲೆ ಚಾಳೀಸಿಗೆ ಕೈ ಹಾಕಬೇಕು. ಚಾಳೀಸ್ ಎಂದರೆ ನಲವತ್ತು. ಹೆಸರಲ್ಲೇ ವಯಸ್ಸಿದೆ. ಕಣ್ಣೊಳಗಿನ ಮಸೂರ ಬಿರುಸಾಗುತ್ತ ಹೋಗಿ ಹತ್ತಿರದ ವಸ್ತುವಿಗೆ ಉಬ್ಬಿಕೊಳ್ಳಲಾರದು. ಇದು ರೋಗವಲ್ಲ, ತಪ್ಪಿಸಿಕೊಂಡವರೂ ಇಲ್ಲ.

ಮೈನಸ್ ನಂಬರಿನವರಿಗೆ ಲೆನ್ಸಿನಲ್ಲಿ ಚಾಳೀಸು ಮುಂಚೆಯೇ ಬಂದಂತೆ ಅನ್ನಿಸುತ್ತದೆ. ಕನ್ನಡಕದವರು ಅದನ್ನು ಹಣೆಗೇರಿಸಿ ಓದಿಬಿಡುತ್ತಾರೆ. ಲೆನ್ಸನ್ನು ಹಣೆಗೇರಿಸಲು ಬರುವುದಿಲ್ಲ. ಜೊತೆಗೆ, ಮೈನಸ್ ಕನ್ನಡಕದಲ್ಲಿ ಹತ್ತಿರ ನೋಡಲು ಬೇಕಾದ ಶ್ರಮ ಲೆನ್ಸಿಗಿಂತ ಸ್ವಲ್ಪ ಕಡಿಮೆ. ನನಗೆ ನಲವತ್ತಮೂರರಲ್ಲಿ ಹೀಗಾದಾಗ ಲೆನ್ಸ್ ಹಳೆಯದಾಯಿತೆಂದು ಎರಡು ಸಲ ಹೊಸ ಜೊತೆ ತರಿಸಿದ್ದೆ. ನನ್ನ ಕಣ್ಣಿಗೂ ವಯಸ್ಸಾಗಿದೆ ಎಂದು ಒಪ್ಪಿಕೊಳ್ಳಲು ತಡವಾಯಿತು.

ಇಲ್ಲಿ ಮೂರು ದಾರಿಗಳಿವೆ. ಎರಡೂ ಕಣ್ಣಿಗೆ ದೂರದ ಟೋರಿಕ್ ಲೆನ್ಸ್ ಹಾಕಿ, ಓದುವಾಗ ಮೇಲೆ ಓದುವ ಕನ್ನಡಕ ಇಟ್ಟುಕೊಳ್ಳುವುದು ಮೊದಲನೆಯದು. ಹಳೆಯ ದಾರಿ, ಆದರೆ ರಾತ್ರಿ ಗಾಡಿ ಓಡಿಸುವವರಿಗೂ ಸೂಕ್ಷ್ಮ ಕೆಲಸದವರಿಗೂ ಇದಕ್ಕಿಂತ ತಿಳಿಯಾದ ದೃಷ್ಟಿ ಬೇರೆ ಯಾವುದರಲ್ಲೂ ಇಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವವರು ಕಡಿದ ಎಳೆ ಹುಡುಕಿ ಗಂಟು ಹಾಕಬೇಕು. ಅಂಥವರಿಗೆ ನಾನು ಇದನ್ನೇ ಹೇಳುತ್ತೇನೆ.

ಎರಡನೆಯದು ಮೊನೊವಿಷನ್. ಗುರಿ ಹಿಡಿಯುವ ಕಣ್ಣಿಗೆ ದೂರದ ನಂಬರ್, ಇನ್ನೊಂದಕ್ಕೆ ಹತ್ತಿರದ ನಂಬರ್. ಗುರಿಯ ಕಣ್ಣು ಯಾವುದೆಂದು ತಿಳಿಯಲು ಎರಡೂ ಕಣ್ಣು ತೆರೆದು ದೂರ ನೋಡುತ್ತಿರುವಾಗ ಪ್ಲಸ್ 1.50 ಗಾಜನ್ನು ಒಂದೊಂದೇ ಕಣ್ಣಿನ ಮುಂದೆ ಹಿಡಿಯಬೇಕು. ಯಾವ ಕಣ್ಣಿನ ಮುಂದೆ ಹಿಡಿದಾಗ ಹೆಚ್ಚು ಕಿರಿಕಿರಿಯೋ ಅದು ದೂರಕ್ಕೆ. ಎರಡು ಕಣ್ಣಿನ ನಡುವಿನ ಅಂತರ 1.50ರ ಒಳಗಿದ್ದರೆ ಬಹಳ ಜನ ಹೊಂದಿಕೊಳ್ಳುತ್ತಾರೆ. 2.00 ದಾಟಿದರೆ ಮೆಟ್ಟಿಲಿನ ಆಳ, ಎದುರಿನಿಂದ ಬರುವ ಲಾರಿಯ ದೂರ ತಿಳಿಯುವುದು ಕಷ್ಟವಾಗುತ್ತದೆ. ಸಿಲಿಂಡರ್ ಇದ್ದವರಿಗೆ ಇದರ ದೊಡ್ಡ ಅನುಕೂಲವೆಂದರೆ ಎರಡೂ ಕಡೆ ಸಾಮಾನ್ಯ ಟೋರಿಕ್ ಲೆನ್ಸೇ ಸಾಕು.

ಮೂರನೆಯದು ಮಲ್ಟಿಫೋಕಲ್. ಮೆತ್ತನೆಯ ಮಲ್ಟಿಫೋಕಲ್ ಲೆನ್ಸಿನಲ್ಲಿ ದೂರದ ನಂಬರ್ ಮತ್ತು ಹತ್ತಿರದ ನಂಬರ್ ಉಂಗುರಗಳಂತೆ ಅಥವಾ ಕ್ರಮೇಣ ಬದಲಾಗುವಂತೆ ಸೇರಿರುತ್ತವೆ. ಎರಡೂ ಚಿತ್ರಗಳು ಒಟ್ಟಿಗೆ ಕಣ್ಣೊಳಗೆ ಬೀಳುತ್ತವೆ, ಬೇಕಾದದ್ದನ್ನು ಮೆದುಳು ಆರಿಸುತ್ತದೆ. ಹೀಗಾಗಿ ಪಾಪೆಯ ಗಾತ್ರದ ಮೇಲೆ ಎಲ್ಲವೂ ನಿಂತಿದೆ. ಮಧ್ಯದಲ್ಲಿ ಹತ್ತಿರದ ನಂಬರ್ ಇರುವ ಲೆನ್ಸ್ ಹಾಕಿ ನಡುಮಧ್ಯಾಹ್ನ ನವನಗರದ ರಸ್ತೆಗೆ ಬಂದರೆ ಪಾಪೆ ಕಿರಿದಾಗುತ್ತದೆ, ಮಧ್ಯದ ಭಾಗ ಮಾತ್ರ ಕೆಲಸ ಮಾಡುತ್ತದೆ, ದೂರದ ಫಲಕ ಮಬ್ಬಾಗುತ್ತದೆ. ತಂಪು ಕನ್ನಡಕ ಹಾಕಿದೊಡನೆ ಪಾಪೆ ಅಗಲವಾಗಿ ದೂರ ತಿಳಿಯಾದರೆ ದೋಷ ಸಿಕ್ಕಿತು. ಸಂಜೆ ಮಂದ ಬೆಳಕಿನಲ್ಲಿ ಇದರ ಉಲ್ಟಾ: ದೂರ ಪರವಾಗಿಲ್ಲ, ಕೈಯಲ್ಲಿನ ಬಿಲ್ ಕಾಣುವುದಿಲ್ಲ. ದೀಪ ಹತ್ತಿರಕ್ಕೆ ತಂದಾಗ ಕಂಡರೆ ಲೆನ್ಸ್ ಬದಲಿಸುವ ಮೊದಲು ಬಲ್ಬ್ ಬದಲಿಸಿ.

ಕಿರಿಯರಿಗೆ ಒಂದು ಮಾತು. ಮಲ್ಟಿಫೋಕಲ್ ಪರೀಕ್ಷೆಯನ್ನು ಕತ್ತಲೆ ಕೋಣೆಯಲ್ಲಿ ಒಂದು ಕಣ್ಣು ಮುಚ್ಚಿ ಮಾಡಬೇಡಿ. ಎರಡೂ ಕಣ್ಣು ತೆರೆದಿರಲಿ, ಬೆಳಕು ಸಹಜವಾಗಿರಲಿ, ಅವರದೇ ಮೊಬೈಲ್, ಅವರದೇ ಲೆಕ್ಕದ ಪುಸ್ತಕ ಕೈಯಲ್ಲಿರಲಿ. ಹತ್ತಿರ ಕಾಣುತ್ತಿಲ್ಲ ಎಂದೊಡನೆ ಎರಡೂ ಕಣ್ಣಿನ ಆ್ಯಡ್, ಅಂದರೆ ಹತ್ತಿರಕ್ಕೆಂದು ಸೇರಿಸುವ ಪ್ಲಸ್ ನಂಬರ್, ಏರಿಸಿದರೆ ದೂರ ಹಾಳಾಗುತ್ತದೆ. ಮೊದಲು ಗುರಿ ಹಿಡಿಯದ ಕಣ್ಣಿನ ದೂರದ ನಂಬರಿಗೆ ಪ್ಲಸ್ 0.25 ಸೇರಿಸಿ ನೋಡಿ, ಆಮೇಲೆ 0.50. ಹೊಂದಿಕೊಳ್ಳಲು ಒಂದೆರಡು ವಾರ ಕೊಡಿ. ಮೊದಲ ದಿನದ ದೂರು ಮತ್ತು ಹದಿನಾಲ್ಕನೇ ದಿನದ ದೂರು ಒಂದೇ ಆಗಿದ್ದರೆ ಮಾತ್ರ ಅದು ದೂರು.

ಸಿಲಿಂಡರ್ ಮತ್ತು ಮಲ್ಟಿಫೋಕಲ್ ಎರಡನ್ನೂ ಒಂದೇ ಲೆನ್ಸಿನಲ್ಲಿ ಕೊಡುವ ಟೋರಿಕ್ ಮಲ್ಟಿಫೋಕಲ್ ಕೂಡ ಇದೆ. ಸಾಮಾನ್ಯವಾಗಿ ಹೇಳಿ ಮಾಡಿಸಬೇಕು, ದುಬಾರಿ. ಒಂದೇ ಲೆನ್ಸಿನಲ್ಲಿ ಎರಡು ದೋಷ ಹುಡುಕಬೇಕಾದ್ದರಿಂದ, ಮೊದಲು ಸಾದಾ ಟೋರಿಕ್ ಹಾಕಿ ಅದು ನೆಟ್ಟಗೆ ನಿಲ್ಲುತ್ತದೆ ಎಂದು ಖಾತ್ರಿಯಾಗದೆ ನಾನು ಅದನ್ನು ತರಿಸುವುದಿಲ್ಲ.

ಗಟ್ಟಿ ಲೆನ್ಸ್, ಅಂದರೆ ಆರ್‌ಜಿಪಿ, ಕಾರ್ನಿಯಾದ ಸಿಲಿಂಡರನ್ನು ಬೇರೆ ಉಪಾಯದಿಂದ ತೀರಿಸುತ್ತದೆ. ಲೆನ್ಸಿನ ಹಿಂದೆ ತುಂಬಿಕೊಂಡ ಕಣ್ಣೀರೇ ತಗ್ಗುದಿಣ್ಣೆಯನ್ನು ಸಮ ಮಾಡುತ್ತದೆ, ಆದ್ದರಿಂದ ತಿರುಗಿದರೂ ನಷ್ಟವಿಲ್ಲ. ಆದರೆ ಸಿಲಿಂಡರ್ ಕಣ್ಣೊಳಗಿನ ಮಸೂರದಲ್ಲಿದ್ದರೆ ಈ ಉಪಾಯ ನಡೆಯದು. ಕೆಳಗೆ ನೋಡಿದಾಗ ರೆಪ್ಪೆ ಲೆನ್ಸನ್ನು ಮೇಲೆತ್ತಿ ಓದುವ ಭಾಗ ಎದುರಿಗೆ ಬರುವಂತೆ ಮಾಡಿದ ಗಟ್ಟಿ ಬೈಫೋಕಲ್ ಲೆನ್ಸ್ ಬಹಳ ತಿಳಿಯಾಗಿ ಕಾಣಿಸುತ್ತದೆ. ನಮ್ಮ ಕಡೆ ಅದಕ್ಕೆ ಒಂದೇ ಶತ್ರು, ಧೂಳು.

ಗಾಳಿ, ಧೂಳು, ಒಲೆ

ಬೆಳಗಾವಿಯ ಮಳೆಗಾಲದಲ್ಲಿ ದಿನವಿಡೀ ಹಿತವಾಗಿದ್ದ ಲೆನ್ಸ್ ಬಾಗಲಕೋಟೆಯ ಏಪ್ರಿಲ್‌ನಲ್ಲಿ ಮಧ್ಯಾಹ್ನಕ್ಕೇ ಒಣಗಿ ಅಂಟಿಕೊಳ್ಳುತ್ತದೆ. ಒಣಗಿದ ಟೋರಿಕ್ ಲೆನ್ಸ್ ತಿರುಗಿದ ಜಾಗದಿಂದ ಮರಳುವುದಿಲ್ಲ. ಒಣಗಿದ ಮಲ್ಟಿಫೋಕಲ್ ಲೆನ್ಸಿನಲ್ಲಿ ಹೊಗೆ ಹೆಚ್ಚಾಗುತ್ತದೆ. ನಲವತ್ತರ ಮೇಲೆ ಕಣ್ಣೀರು ಮೊದಲೇ ಕಡಿಮೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಇನ್ನೂ ಕಡಿಮೆ. ಬೆಳಿಗ್ಗೆ ಚೆನ್ನ, ಸಂಜೆ ಮಬ್ಬು ಎನ್ನುವವರ ನಂಬರ್ ಮುಟ್ಟುವ ಮುಂಚೆ ಅವರು ಫ್ಯಾನಿನ ಕೆಳಗೆ ಕುಳಿತುಕೊಳ್ಳುತ್ತಾರೆಯೇ, ಎಷ್ಟು ಹೊತ್ತು ಮೊಬೈಲ್ ನೋಡುತ್ತಾರೆ ಎಂದು ಕೇಳಿ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಲೆನ್ಸಿನ ಮೇಲೆ ಹಾಕಬಹುದಾದ, ಸಂರಕ್ಷಕ ಇಲ್ಲದ ಹನಿಗಳಿವೆ. ಅವುಗಳನ್ನೇ ಬಳಸಿ.

ರೊಟ್ಟಿ ಹಂಚಿನ ಮುಂದೆ ಕೂರುವ ಹೊತ್ತಿಗೆ ಲೆನ್ಸ್ ಬೇಡ. ಖಾರದ ಪುಡಿ ಮುಟ್ಟಿದ ಕೈಯನ್ನು ಒಂದು ಸಲ ತೊಳೆದರೆ ಸಾಲದು. ಆಷಾಢದ ಗಾಳಿಯಲ್ಲಿ ಬೈಕ್ ಓಡಿಸುವವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ.

ಲೆನ್ಸಿನ ತಪ್ಪಲ್ಲದಾಗ

ನಂಬರ್ ವಾರಕ್ಕೊಂದು ಬದಲಾಗುತ್ತಿದ್ದರೆ ಮೊದಲು ರಕ್ತದ ಸಕ್ಕರೆ ನೋಡಿಸಿ. ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದ ನಂಬರೂ ಬದಲಾಗುತ್ತದೆ. ಸಕ್ಕರೆ ಕೆಲವು ವಾರ ಹತೋಟಿಯಲ್ಲಿ ನಿಂತ ಮೇಲೆ ತೆಗೆದ ನಂಬರ್ ಮಾತ್ರ ನಂಬಿಕೆಗೆ ಅರ್ಹ. ಐವತ್ತೈದು ದಾಟಿದವರು "ನನಗೆ ಈಗ ಕನ್ನಡಕವಿಲ್ಲದೆಯೇ ಪೇಪರ್ ಓದಲು ಬರುತ್ತದೆ, ಚಾಳೀಸು ಹೋಯಿತು" ಎಂದು ಸಂತೋಷದಿಂದ ಹೇಳಿದರೆ ಪೊರೆ ಬರುತ್ತಿರಬಹುದು, ಪರೀಕ್ಷೆ ಮಾಡಿಸಿ. ಸಿಲಿಂಡರ್ ವರ್ಷವರ್ಷವೂ ಏರುತ್ತಿದ್ದರೆ ಕಾರ್ನಿಯಾ ಶಂಕುವಿನ ಆಕಾರಕ್ಕೆ ತಿರುಗುತ್ತಿರಬಹುದು. ಅದಕ್ಕೆ ಕಾರ್ನಿಯಾದ ನಕ್ಷೆ ತೆಗೆಸಬೇಕು, ನಂಬರ್ ಬದಲಿಸುತ್ತ ಕೂರಬಾರದು.

ಕಲಾವಿದರ ಲೆನ್ಸ್ ಏನಾಯಿತು?

ಅವರ ಬಲಗಣ್ಣು ಮೈನಸ್ 1.50, ಸಿಲಿಂಡರ್ ಮೈನಸ್ 1.25, ಆಕ್ಸಿಸ್ 10. ಎಡಗಣ್ಣು ಮೈನಸ್ 1.75, ಸಿಲಿಂಡರ್ ಅಷ್ಟೇ, ಆಕ್ಸಿಸ್ 170. ಓದಲು ಬೇಕಾದ ಆ್ಯಡ್ 1.50. ಗುರಿ ಹಿಡಿಯುವುದು ಬಲಗಣ್ಣು. ಎರಡೂ ಕಡೆ ದೂರದ ಟೋರಿಕ್ ಹಾಕಿ ಕೂರಿಸಿದೆ. ಬಲಗಣ್ಣಿನ ಗೆರೆ ನೆಟ್ಟಗೆ ನಿಂತಿತು. ಎಡಗಣ್ಣಿನದು 7ರ ಕಡೆಗೆ 10 ಡಿಗ್ರಿ ಸರಿದು ಅಲ್ಲೇ ನಿಂತಿತು. 170ಕ್ಕೆ 10 ಕೂಡಿಸಿ 180ರ ಲೆನ್ಸ್ ತರಿಸಿದೆ. ಹಾಳೆಯ ಮೇಲಿನ "ಕೃಷ್ಣ"ನಿಗೆ ಒಂದೇ ತಲೆಕಟ್ಟು ಉಳಿಯಿತು.

ಆಮೇಲೆ ಎಡಗಣ್ಣಿನ ದೂರದ ನಂಬರನ್ನು 1.00 ತಗ್ಗಿಸಿ ಮೈನಸ್ 0.75 ಮಾಡಿದೆ. ಪೂರ್ತಿ ಓದುವಷ್ಟಲ್ಲ, ಮೊಬೈಲ್ ನೋಡುವಷ್ಟು, ಎದುರು ಪಾತ್ರದವರ ಕಣ್ಣಿನ ಸನ್ನೆ ತಿಳಿಯುವಷ್ಟು. ಬಣ್ಣ ಹಚ್ಚಿಕೊಳ್ಳುವ ಮೊದಲು ಕೈ ತೊಳೆದು ಲೆನ್ಸ್ ಹಾಕಿ, ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಮುಟ್ಟುವ ಮೊದಲೇ ಲೆನ್ಸ್ ತೆಗೆಯಿರಿ ಎಂದು ಹೇಳಿಕೊಟ್ಟೆ. ಎಣ್ಣೆಯ ಕೈ ತಾಗಿದ ಲೆನ್ಸ್ ಮತ್ತೆ ತಿಳಿಯಾಗುವುದು ಕಷ್ಟ.

ಎರಡು ವಾರದ ಮೇಲೆ ಬಂದು, "ಮೇಡಂ, ಫೋಕಸ್ ದೀಪದಲ್ಲೂ ಸತ್ಯಭಾಮೆಯ ಮೂಗುತಿ ಒಂದೇ ಕಾಣುತ್ತದೆ. ಪರದೆಯ ಹಿಂದಿನ ಕತ್ತಲಲ್ಲಿ ಹಾಡಿನ ವಹಿ ಮಾತ್ರ ಓದಲಾಗುವುದಿಲ್ಲ" ಎಂದರು. ಅದಕ್ಕೆ ಎಡಗಣ್ಣಿನ ನಂಬರ್ ಇನ್ನೂ ತಗ್ಗಿಸಿದರೆ ರಂಗದ ಮೇಲೆ ಹೆಜ್ಜೆಯ ಅಂದಾಜು ತಪ್ಪುವ ಭಯವಿತ್ತು. ಒಂದು ಸಣ್ಣ ಓದುವ ಕನ್ನಡಕವನ್ನು ವಹಿಯ ಜೊತೆಗೇ ಕಟ್ಟಿಟ್ಟುಕೊಳ್ಳಲು ಕೊಟ್ಟೆ. ಐವತ್ತರ ಹೊತ್ತಿಗೆ ಅವರ ಆ್ಯಡ್ 2.00ರ ಸಮೀಪಕ್ಕೆ ಬರುತ್ತದೆ. ಆಗ ಎಡಗಣ್ಣಿನ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ. ವರ್ಷಕ್ಕೊಮ್ಮೆ ಬರಲು, ಬರುವಾಗ ಹಳೆಯ ಡಬ್ಬಿಗಳನ್ನೂ ವಹಿಯನ್ನೂ ತರಲು ಹೇಳಿ ಕಳಿಸಿದ್ದೇನೆ.